ಈಜು ಸ್ಪರ್ಧೆಯ ತೀರ್ಪುಗಾರಿಕೆ: ಕೊಳದ ಅಂಚಿನಲ್ಲಿ ಮೊದಲ ಬಾರಿ ನಿಲ್ಲುವವರಿಗೆ

ಎಂಟು ಲೇನ್‌ಗಳ ಕೊಳದಲ್ಲಿ ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚ್‌ಗಳಿಂದಲೇ ಸಮಯ ದಾಖಲಿಸಬೇಕಾದ ಕೂಟವೊಂದಕ್ಕೆ ಲೇನಿಗೆ ಮೂವರಂತೆ 24 ಟೈಮ್‌ಕೀಪರ್‌ಗಳು ಬೇಕು. ಎರಡೂ ತುದಿಗಳಲ್ಲಿ ಲೇನಿಗೊಬ್ಬರಂತೆ, ತಿರುವುಗಳನ್ನು ಗಮನಿಸುವ ಟರ್ನ್ ಇನ್‌ಸ್ಪೆಕ್ಟರ್‌ಗಳನ್ನು ನಿಲ್ಲಿಸಿದರೆ ಇನ್ನೂ 16 ಮಂದಿ. ಇವರಲ್ಲದೆ ರೆಫರಿ, ಸ್ಟಾರ್ಟರ್, ಈಜುವ ಶೈಲಿಯನ್ನು ಗಮನಿಸುವ ಸ್ಟ್ರೋಕ್ ಜಡ್ಜ್‌ಗಳು, ಈಜುಗಾರರನ್ನು ಹೀಟ್‌ವಾರು (ಒಟ್ಟಿಗೆ ಈಜುವ ಒಂದೊಂದು ಗುಂಪಿನಂತೆ) ಸಾಲುಗೂಡಿಸುವವರು ಮತ್ತು ದಾಖಲೆ ಬರೆಯುವವರು. ಇಷ್ಟು ಜನರನ್ನು ಹೊಂದಿಸುವುದು ಸುಲಭವಲ್ಲವಾದ್ದರಿಂದಲೇ ಜಿಲ್ಲಾ ಮತ್ತು ರಾಜ್ಯ ಮಟ್ಟದ ಕೂಟಗಳಲ್ಲಿ ಮಾಜಿ ಈಜುಗಾರರಿಗೆ, ದೈಹಿಕ ಶಿಕ್ಷಣ ಶಿಕ್ಷಕರಿಗೆ ಮತ್ತು ಮಕ್ಕಳನ್ನು ಕರೆತಂದ ಪೋಷಕರಿಗೆ ಕರೆ ಹೋಗುತ್ತದೆ. ಹಾಗೆ ಕರೆ ಬಂದು, ಬಿಳಿ ಅಂಗಿ ತೊಟ್ಟು, ಏನನ್ನು ನೋಡಬೇಕೆಂಬುದು ಸ್ಪಷ್ಟವಾಗದೆ ನಿಂತವರಿಗಾಗಿ ಈ ಬರಹ.

ಮೊದಲಿಗೆ ನಿಯಮದ ಮೂಲವನ್ನು ತಿಳಿದಿರಬೇಕು. ಅಂತರರಾಷ್ಟ್ರೀಯ ಈಜಿನ ನಿಯಮಗಳನ್ನು ರೂಪಿಸುವ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಾಗಿನಿಂದ 2022ರವರೆಗೆ ಅದರ ಹೆಸರು ಫಿನಾ ಎಂದಿತ್ತು. ಭಾರತೀಯ ಈಜು ಫೆಡರೇಷನ್ನಾಗಲಿ ಕರ್ನಾಟಕ ಈಜು ಸಂಸ್ಥೆಯಾಗಲಿ ಶೈಲಿ, ಆರಂಭ, ತಿರುವು ಮತ್ತು ಮುಕ್ತಾಯದ ವಿಷಯದಲ್ಲಿ ಅದೇ ನಿಯಮಗಳನ್ನು ಅನುಸರಿಸುತ್ತವೆ. ಈ ನಿಯಮಪುಸ್ತಕ ಆಗಾಗ ಪರಿಷ್ಕರಣೆಗೊಳ್ಳುವುದರಿಂದ, ಹತ್ತು ವರ್ಷದ ಹಿಂದೆ ತಾವೇ ಈಜುತ್ತಿದ್ದಾಗ ಕಲಿತ ನಿಯಮವನ್ನು ನಂಬಿಕೊಂಡು ಬರುವ ಮಾಜಿ ಈಜುಗಾರರು ಏನೂ ತಿಳಿಯದ ಪೋಷಕರಿಗಿಂತ ಹೆಚ್ಚು ಎಡವುವುದುಂಟು. ಚಾಲ್ತಿಯಲ್ಲಿರುವ ಆವೃತ್ತಿಯ ಈಜು ಭಾಗ ದೊಡ್ಡದೇನಲ್ಲ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಓದುವಾಗ ಒಂದು ಅಳತೆಗೋಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಂಡದ್ದನ್ನು ನಿಯಮದ ಮಾತುಗಳಲ್ಲಿ ಒಂದು ವಾಕ್ಯವಾಗಿ ಬರೆಯಲು ಸಾಧ್ಯವಾಗದಿದ್ದರೆ, ಆ ತಪ್ಪನ್ನು ನೀವು ಕಂಡಿಲ್ಲವೆಂದೇ ಭಾವಿಸಬೇಕು. ‘ಏನೋ ಸರಿ ಕಾಣಲಿಲ್ಲ’ ಎಂಬುದು ತೀರ್ಪಿಗೆ ಆಧಾರವಾಗದು. ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಮಾತಿಗೇ ಬಂದು ಸೇರುತ್ತದೆ.

ಸ್ಪರ್ಧೆಗೆ ಮುನ್ನ

ರೆಫರಿಯು ಪ್ರತಿ ಅವಧಿಗೆ ಮುನ್ನ ಅಧಿಕಾರಿಗಳ ಸಭೆ ನಡೆಸುತ್ತಾರೆ. ಅದನ್ನು ತಪ್ಪಿಸಿಕೊಳ್ಳಬಾರದು. ನಿಮ್ಮ ಜಾಗ ಯಾವುದು, ಯಾವ ಲೇನ್‌ಗಳು ನಿಮ್ಮ ಹೊಣೆ, ತಪ್ಪು ಕಂಡಾಗ ಕೈ ಎತ್ತಬೇಕೋ ಅಥವಾ ನೇರವಾಗಿ ಮುಖ್ಯ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕೋ, ಕಂಡ ತಪ್ಪನ್ನು ಬರೆದ ಚೀಟಿಯನ್ನು ಯಾರ ಕೈಗೆ ಕೊಡಬೇಕು ಎಂಬುದೆಲ್ಲ ಅಲ್ಲಿಯೇ ಇತ್ಯರ್ಥವಾಗಬೇಕು. ನಿಮ್ಮ ಮಗ ಅಥವಾ ಮಗಳು ಅದೇ ಕೂಟದಲ್ಲಿ ಈಜುತ್ತಿದ್ದರೆ ಅದನ್ನು ಆಗಲೇ ತಿಳಿಸಿ, ಆ ಹೀಟ್‌ನಲ್ಲಿ ಬೇರೆ ಲೇನ್ ಕೇಳಿ ಪಡೆಯಿರಿ. ಪೋಷಕರು ತಮ್ಮ ಮಗುವಿನ ವಿಷಯದಲ್ಲಿ ಮೆದುವಾಗಿರುತ್ತಾರೆಂದು ಹಲವರು ಊಹಿಸುತ್ತಾರೆ; ಪಕ್ಷಪಾತದ ಆರೋಪಕ್ಕೆ ಹೆದರಿ ಅತಿ ಕಠಿಣವಾಗುವುದೂ ಅಷ್ಟೇ ಸಾಮಾನ್ಯ.

ಬಳಿಕ ಕೊಳದ ಗುರುತುಗಳನ್ನು ಒಮ್ಮೆ ಸುತ್ತಿ ನೋಡಬೇಕು. ಬೆನ್ನ ಮೇಲೆ ಈಜುವ ಬ್ಯಾಕ್‌ಸ್ಟ್ರೋಕ್ ಈಜುಗಾರರಿಗೆ ಗೋಡೆ ಹತ್ತಿರವಾಯಿತೆಂದು ತಿಳಿಸುವ ಬಾವುಟಗಳ ಸಾಲು ಎರಡೂ ತುದಿಗಳಿಂದ 5 ಮೀಟರ್ ದೂರದಲ್ಲಿರಬೇಕು. ಲೇನ್ ಹಗ್ಗದ ಮೇಲೆ 15 ಮೀಟರ್ ಗುರುತು ಬೇರೆ ಬಣ್ಣದಲ್ಲಿ ಕಾಣಬೇಕು. ಬಾವುಟ ಅರ್ಧ ಮೀಟರ್ ಆಚೀಚೆ ಆದರೆ ಸ್ಟ್ರೋಕ್ ಎಣಿಸಿ ತಿರುಗುವ ಮಗು ಗೋಡೆಗೆ ತಲೆ ಹೊಡೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಇದು ಶಿಷ್ಟಾಚಾರದ ತಪಾಸಣೆಯಲ್ಲ.

ಸೀಡಿಂಗ್, ಅಂದರೆ ವೇಗಕ್ಕೆ ತಕ್ಕಂತೆ ಲೇನ್ ಹಂಚುವುದು, ನಿಮ್ಮ ಕೆಲಸವಲ್ಲವಾದರೂ ತಿಳಿದಿದ್ದರೆ ಒಳ್ಳೆಯದು. ಎಂಟು ಲೇನ್‌ಗಳ ಕೊಳದಲ್ಲಿ ಅತಿ ವೇಗದ ಈಜುಗಾರ 4ನೆಯ ಲೇನ್‌ನಲ್ಲಿ, ನಂತರದವರು ಕ್ರಮವಾಗಿ 5, 3, 6, 2, 7, 1 ಮತ್ತು 8ರಲ್ಲಿ ಇರುತ್ತಾರೆ. ಇದರಿಂದ ಯಾವ ಲೇನ್‌ನವರು ಮೊದಲು ಗೋಡೆಗೆ ಬರುವ ಸಂಭವವಿದೆಯೆಂಬ ಅಂದಾಜು ಸಿಗುತ್ತದೆ.

ಗಡಿಯಾರ ಹಿಡಿದಾಗ

ಹೊಸಬರಿಗೆ ಮೊದಲು ಸಿಗುವ ಹೊಣೆ ಸಾಮಾನ್ಯವಾಗಿ ಟೈಮ್‌ಕೀಪರ್‌ನದು. ಗಡಿಯಾರವನ್ನು ಆರಂಭ ಸಂಕೇತದ ಬೆಳಕು ಕಂಡ ಕೂಡಲೇ ಒತ್ತಬೇಕು, ಶಬ್ದ ಕೇಳಿದ ಮೇಲಲ್ಲ. 50 ಮೀಟರ್ ಕೊಳದಲ್ಲಿ 50 ಮೀಟರ್ ಸ್ಪರ್ಧೆ ಎದುರು ತುದಿಯಿಂದ ಆರಂಭವಾಗುತ್ತದೆ. ಅಲ್ಲಿಂದ ಶಬ್ದ ನಿಮ್ಮ ಕಿವಿ ಮುಟ್ಟಲು ಸುಮಾರು 0.15 ಸೆಕೆಂಡು ಹಿಡಿಯುತ್ತದೆ. ನೂರನೆಯ ಒಂದು ಪಾಲಿನಲ್ಲಿ ಪದಕ ನಿರ್ಧಾರವಾಗುವ ಆಟದಲ್ಲಿ ಇದು ದೊಡ್ಡ ಅಂತರ. ಮುಕ್ತಾಯದ ಹೊತ್ತಿಗೆ ಗೋಡೆಯ ಅಂಚಿಗೆ ಬಂದು, ನೇರ ಕೆಳಕ್ಕೆ ನೋಡುತ್ತಾ, ಕೈ ತಾಗಿದ್ದು ಕಂಡ ಕ್ಷಣ ನಿಲ್ಲಿಸಬೇಕು. ‘ಈಗ ತಾಗುತ್ತಾನೆ’ ಎಂದು ಮುಂಚಿತವಾಗಿ ಬೆರಳು ಒತ್ತುವ ಅಭ್ಯಾಸ ಬಹುಬೇಗ ಅಂಟಿಕೊಳ್ಳುತ್ತದೆ.

ಮೂರು ಗಡಿಯಾರಗಳಲ್ಲಿ ಎರಡು ಒಂದೇ ಸಮಯ ತೋರಿಸಿದರೆ ಅದೇ ಅಧಿಕೃತ ಸಮಯ. ಮೂರೂ ಬೇರೆ ಬೇರೆಯಾದರೆ ನಡುವಿನದು: 27.41, 27.46 ಮತ್ತು 27.52 ಬಂದಿದ್ದರೆ 27.46 ಎಂದು ದಾಖಲಾಗುತ್ತದೆ. ಎರಡೇ ಗಡಿಯಾರಗಳು ಕೆಲಸ ಮಾಡಿದ್ದರೆ ಅವುಗಳ ಸರಾಸರಿ. ಪಕ್ಕದವರ ಗಡಿಯಾರ ನೋಡಿ ನಿಮ್ಮದನ್ನು ಹೊಂದಿಸಿ ಹೇಳಿದರೆ ಈ ಲೆಕ್ಕಾಚಾರವೇ ಅರ್ಥ ಕಳೆದುಕೊಳ್ಳುತ್ತದೆ. ಗಡಿಯಾರಗಳನ್ನು ಸೊನ್ನೆಗೆ ತರಬಹುದೆಂಬ ಸೂಚನೆ ಬರುವವರೆಗೆ ಅಂಕಿಯನ್ನು ಅಳಿಸಬಾರದು.

ಮನುಷ್ಯನ ಕಣ್ಣು ಮತ್ತು ಬೆರಳುಗಳ ಮಿತಿಗೆ 1960ರ ರೋಮ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫ್ರೀಸ್ಟೈಲ್ ಫೈನಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಅಮೆರಿಕದ ಲ್ಯಾನ್ಸ್ ಲಾರ್ಸನ್ ಅವರ ಲೇನ್‌ನ ಮೂರು ಗಡಿಯಾರಗಳು 55.0, 55.1 ಮತ್ತು 55.1 ತೋರಿಸಿದವು, ಆಸ್ಟ್ರೇಲಿಯಾದ ಜಾನ್ ಡೆವಿಟ್ ಅವರ ಲೇನ್‌ನ ಮೂರೂ 55.2 ತೋರಿಸಿದವು. ಮೊದಲ ಸ್ಥಾನ ನೋಡುವ ಮೂವರು ತೀರ್ಪುಗಾರರಲ್ಲಿ ಇಬ್ಬರು ಡೆವಿಟ್ ಗೆದ್ದರೆಂದರು. ಎರಡನೆಯ ಸ್ಥಾನ ನೋಡುವ ಮೂವರಲ್ಲಿ ಇಬ್ಬರು ಅದೇ ಡೆವಿಟ್ ಎರಡನೆಯವರೆಂದರು. ಕೊನೆಗೆ ಮುಖ್ಯ ತೀರ್ಪುಗಾರರ ನಿರ್ಧಾರದಂತೆ ಚಿನ್ನ ಡೆವಿಟ್ ಅವರಿಗೆ ಹೋಯಿತು, ಲಾರ್ಸನ್ ಅವರ ಸಮಯವನ್ನೂ 55.2 ಎಂದೇ ಬರೆಯಲಾಯಿತು. ಇಂದು ದೊಡ್ಡ ಕೂಟಗಳಲ್ಲಿ ಕೈ ತಾಗಿದ ಕ್ಷಣ ತಾನೇ ಸಮಯ ದಾಖಲಿಸುವ ಟಚ್‌ಪ್ಯಾಡ್ ಇರುವುದರಿಂದ ಇಂಥ ಗೊಂದಲ ಇಲ್ಲ. ಆದರೂ ಪ್ಯಾಡ್ ಕೈಕೊಟ್ಟಾಗ ನೆರವಿಗೆ ಬರುವುದು ನಿಮ್ಮ ಗುಂಡಿ ಅಥವಾ ಗಡಿಯಾರವೇ.

ಆರಂಭದ ಕ್ರಮ

ರೆಫರಿಯ ಚಿಕ್ಕ ಚಿಕ್ಕ ಸೀಟಿಗಳ ಸರಣಿ ಕೇಳಿದಾಗ ಈಜುಗಾರರು ಮೇಲುಡುಪು ಕಳಚಿ ಸಿದ್ಧರಾಗುತ್ತಾರೆ. ಒಂದು ದೀರ್ಘ ಸೀಟಿಗೆ ಬ್ಲಾಕ್ (ಆರಂಭದ ಕಟ್ಟೆ) ಏರುತ್ತಾರೆ. ಬ್ಯಾಕ್‌ಸ್ಟ್ರೋಕ್ ಮತ್ತು ನಾಲ್ವರು ಒಂದೊಂದು ಶೈಲಿಯಲ್ಲಿ ಈಜುವ ಮೆಡ್ಲೆ ರಿಲೇಗಳಲ್ಲಿ ಆ ದೀರ್ಘ ಸೀಟಿಗೆ ನೀರಿಗೆ ಇಳಿದು, ಎರಡನೆಯ ದೀರ್ಘ ಸೀಟಿಗೆ ಆರಂಭದ ಜಾಗಕ್ಕೆ ಬರುತ್ತಾರೆ. ಎಲ್ಲರೂ ಸಿದ್ಧರೆನಿಸಿದಾಗ ರೆಫರಿ ತೋಳು ಚಾಚಿ, ಈಜುಗಾರರನ್ನು ಸ್ಟಾರ್ಟರ್‌ನ ವಶಕ್ಕೆ ಒಪ್ಪಿಸುತ್ತಾರೆ. ಸಂಕೇತ ಹೊಮ್ಮುವವರೆಗೂ ಆ ತೋಳು ಇಳಿಯುವುದಿಲ್ಲ. ಸ್ಟಾರ್ಟರ್ ಆರಂಭದ ತುದಿಯಿಂದ ಸುಮಾರು 5 ಮೀಟರ್ ಒಳಗೆ ಕೊಳದ ಪಕ್ಕದಲ್ಲಿ ನಿಂತು ‘ಟೇಕ್ ಯುವರ್ ಮಾರ್ಕ್ಸ್’ ಎನ್ನುತ್ತಾರೆ. ಈಜುಗಾರರು ಕನಿಷ್ಠ ಒಂದು ಪಾದವನ್ನು ಬ್ಲಾಕಿನ ಮುಂಭಾಗದಲ್ಲಿಟ್ಟು ಬಾಗಬೇಕು. ಎಲ್ಲರೂ ಅಲುಗದೆ ನಿಂತ ಮೇಲೆಯೇ ಸಂಕೇತ.

ಸಂಕೇತಕ್ಕೆ ಮುನ್ನ ಹೊರಟವರು ಮೊದಲ ಬಾರಿಗೇ ಅನರ್ಹರು. ಎರಡನೆಯ ಅವಕಾಶವೆಂಬುದು ಈಗಿಲ್ಲ. ಆದರೆ ಆ ತಪ್ಪನ್ನು ರೆಫರಿ ಮತ್ತು ಸ್ಟಾರ್ಟರ್ ಇಬ್ಬರೂ ಕಂಡು ದೃಢಪಡಿಸಿರಬೇಕು. ಸಂಕೇತ ಆಗಲೇ ಹೊಮ್ಮಿದ್ದರೆ ಸ್ಪರ್ಧೆ ಮುಂದುವರಿಯುತ್ತದೆ, ತಪ್ಪಿದವರನ್ನು ಮುಗಿದ ಮೇಲೆ ಅನರ್ಹಗೊಳಿಸಲಾಗುತ್ತದೆ. ಸಣ್ಣ ವಯಸ್ಸಿನ ಮಕ್ಕಳ ಹೀಟ್‌ಗಳಲ್ಲಿ ಆಗುವ ತಪ್ಪು ಆರಂಭಗಳಲ್ಲಿ ಎಷ್ಟೋ ಸ್ಟಾರ್ಟರ್‌ಗಳ ಅವಸರದ ಫಲ. ಒಬ್ಬ ಹುಡುಗ ತೂಗಾಡುತ್ತಿದ್ದರೆ ಎಲ್ಲರನ್ನೂ ಎದ್ದು ನಿಲ್ಲುವಂತೆ ಹೇಳಿ ಮತ್ತೆ ಮೊದಲಿನಿಂದ ಆರಂಭಿಸುವುದರಿಂದ ಯಾರಿಗೂ ನಷ್ಟವಿಲ್ಲ.

ಟರ್ನ್ ಇನ್‌ಸ್ಪೆಕ್ಟರ್‌ನ ವ್ಯಾಪ್ತಿ

ಈ ಹೊಣೆಯ ಎಲ್ಲೆಯನ್ನು ನಿಯಮವೇ ಹಾಕಿಕೊಟ್ಟಿದೆ. ಆರಂಭದ ತುದಿಯಲ್ಲಿ ಸಂಕೇತದಿಂದ ಮೊದಲ ತೋಳ್ಬೀಸು ಮುಗಿಯುವವರೆಗೆ. ತಿರುವಿನಲ್ಲಿ ಗೋಡೆ ಮುಟ್ಟುವ ಮೊದಲಿನ ಕೊನೆಯ ತೋಳ್ಬೀಸಿನಿಂದ, ತಿರುಗಿ ಹೊರಟ ಮೇಲಿನ ಮೊದಲ ತೋಳ್ಬೀಸು ಮುಗಿಯುವವರೆಗೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾತ್ರ ಎರಡನೆಯ ತೋಳ್ಬೀಸಿನವರೆಗೆ. ಅದರಾಚೆಗಿನದು ಸ್ಟ್ರೋಕ್ ಜಡ್ಜ್‌ನ ಕೆಲಸ. ಕೊಳದ ನಡುವೆ ನಡೆದ ತಪ್ಪನ್ನು ತುದಿಯಲ್ಲಿ ನಿಂತವರು ಬರೆದು ಕೊಟ್ಟರೆ ರೆಫರಿ ಅದನ್ನು ಸ್ವೀಕರಿಸಲು ಹಿಂಜರಿಯುವುದು ನ್ಯಾಯವೇ.

800 ಮತ್ತು 1500 ಮೀಟರ್‌ಗಳಲ್ಲಿ ತಿರುವಿನ ತುದಿಯವರು ಉಳಿದ ಲ್ಯಾಪ್‌ಗಳ ಸಂಖ್ಯೆಯ ಫಲಕ ತೋರಿಸಬೇಕು. ಎರಡು ಉದ್ದ ಮತ್ತು 5 ಮೀಟರ್ ಬಾಕಿ ಇರುವಾಗ ಆರಂಭದ ತುದಿಯವರು ಗಂಟೆ ಅಥವಾ ಸೀಟಿಯಿಂದ ಎಚ್ಚರಿಸಬೇಕು. ಇಲ್ಲಿ ಲ್ಯಾಪ್ ತಪ್ಪುವುದು ಹೆಚ್ಚಾಗಿ ಹರಟೆಯಿಂದ. ಪ್ರತಿ ತಿರುವಿಗೂ ಕಾಗದದ ಮೇಲೊಂದು ಗೆರೆ ಎಳೆಯುವುದನ್ನು ರೂಢಿಸಿಕೊಳ್ಳಿ.

ನಾಲ್ಕು ಶೈಲಿಗಳಲ್ಲಿ ನೋಡಬೇಕಾದದ್ದು

ಫ್ರೀಸ್ಟೈಲ್‌ನಲ್ಲಿ ನೋಡುವುದು ಕಡಿಮೆ. ಪ್ರತಿ ಉದ್ದದ ಕೊನೆಯಲ್ಲಿ ದೇಹದ ಯಾವುದಾದರೂ ಭಾಗ ಗೋಡೆಗೆ ತಾಗಬೇಕು; ಆರಂಭ ಮತ್ತು ತಿರುವಿನ ನಂತರ 15 ಮೀಟರ್ ಒಳಗೆ ತಲೆ ನೀರಿನ ಮೇಲೆ ಬಂದಿರಬೇಕು; ಲೇನ್ ಹಗ್ಗ ಹಿಡಿದು ಎಳೆಯಬಾರದು. ದಣಿದ ಮಗು ತಳದಲ್ಲಿ ನಿಂತರೆ ಅನರ್ಹವಲ್ಲ, ನಡೆದರೆ ಅನರ್ಹ. 15 ಮೀಟರ್‌ನ ತೀರ್ಪನ್ನು ಆ ಗುರುತಿಗೆ ಸರಿಸಮನಾಗಿ ನಿಂತವರು ಮಾತ್ರ ಕೊಡಬೇಕು. ಎರಡು ಹೆಜ್ಜೆ ಹಿಂದೆ ನಿಂತು ಓರೆಯಾಗಿ ನೋಡಿದರೂ ದೂರದ ಲೇನ್‌ನ ತಲೆ ಗುರುತು ದಾಟಿದಂತೆ ತೋರುತ್ತದೆ.

ಬಟರ್‌ಫ್ಲೈನಲ್ಲಿ ಎರಡೂ ತೋಳುಗಳು ನೀರಿನ ಮೇಲಿಂದ ಒಟ್ಟಿಗೆ ಮುಂದಕ್ಕೆ ಬಂದು, ನೀರಿನೊಳಗೆ ಒಟ್ಟಿಗೆ ಹಿಂದಕ್ಕೆ ಹೋಗಬೇಕು. ಕಾಲುಗಳು ಒಂದೇ ಮಟ್ಟದಲ್ಲಿ ಇರಬೇಕೆಂದಿಲ್ಲ, ಆದರೆ ಒಂದರ ನಂತರ ಒಂದು ಬಡಿಯಬಾರದು. ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೂ ಅವಕಾಶವಿಲ್ಲ. ದಣಿದಾಗ ತೋಳು ಪೂರ್ತಿ ಮೇಲೆ ಬಾರದೆ ನೀರನ್ನು ಸವರುತ್ತಾ ಬರುವುದುಂಟು. ನೋಡಲು ಚೆನ್ನಾಗಿಲ್ಲವೆಂಬುದು ಅನರ್ಹತೆಗೆ ಕಾರಣವಲ್ಲ. ತೋಳು ನೀರಿನೊಳಗಿಂದ ಮುಂದಕ್ಕೆ ಬಂದಿತೇ ಎಂಬುದಷ್ಟೇ ಪ್ರಶ್ನೆ.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಹೆಚ್ಚಿನ ವಿವಾದ ತಿರುವಿನದು. ಈಜುವಾಗ ದೇಹ ಹೊರಳಬಹುದು, ಆದರೆ 90 ಡಿಗ್ರಿ ಮುಟ್ಟಬಾರದು. ತಲೆ ಎತ್ತ ತಿರುಗಿತ್ತೆಂಬುದು ಲೆಕ್ಕಕ್ಕಿಲ್ಲ, ಭುಜಗಳನ್ನು ನೋಡಿ. ತಿರುವಿನ ಹೊತ್ತಿಗೆ ಎದೆಯ ಮೇಲೆ ಮಗುಚಿಕೊಳ್ಳಬಹುದು, ಮಗುಚಿದ ಮೇಲೆ ತಕ್ಷಣ, ತಡೆಯಿಲ್ಲದ ಒಂದು ಒಂಟಿ ತೋಳಿನ ಎಳೆತ ಅಥವಾ ಎರಡೂ ತೋಳುಗಳ ಏಕಕಾಲದ ಎಳೆತದಿಂದ ತಿರುವನ್ನು ಆರಂಭಿಸಬಹುದು. ಇಲ್ಲಿ ‘ತಕ್ಷಣ’ ಮತ್ತು ‘ತಡೆಯಿಲ್ಲದೆ’ ಎಂಬೆರಡೇ ಕೀಲಿಗಳು. ಬಾವುಟದ ಲೆಕ್ಕ ತಪ್ಪಿ ಬೇಗ ಮಗುಚಿದ ಈಜುಗಾರ ಗೋಡೆಗಾಗಿ ಕಾಯುತ್ತಾ ತೇಲಿ ಬಂದರೆ ಅದು ತಪ್ಪು. ತೇಲಿದ ಅವಧಿ ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಂಡಿರಬೇಕು. ‘ಸ್ವಲ್ಪ ನಿಧಾನವಾಯಿತು’ ಎಂಬಷ್ಟಕ್ಕೆ ಬರೆಯಬೇಡಿ. ಗೋಡೆ ಬಿಡುವಾಗ ಮತ್ತೆ ಬೆನ್ನ ಮೇಲೆ ಇರಬೇಕು, ಮುಕ್ತಾಯವೂ ಬೆನ್ನ ಮೇಲೆಯೇ. 2023ರ ನಿಯಮಗಳಿಂದೀಚೆಗೆ, ತಲೆಯ ಒಂದು ಭಾಗ ಮುಕ್ತಾಯದ ಮುಂಚಿನ 5 ಮೀಟರ್ ಗುರುತನ್ನು ದಾಟಿದ ಮೇಲೆ ಈಜುಗಾರ ಪೂರ್ತಿ ಮುಳುಗಬಹುದು. ಹಳೆಯ ಓದಿನವರು ಎಡವುವ ಜಾಗ ಇದೇ.

ಒಬ್ಬರೇ ನಾಲ್ಕೂ ಶೈಲಿಗಳಲ್ಲಿ ಈಜುವ ವೈಯಕ್ತಿಕ ಮೆಡ್ಲೆಯಲ್ಲಿ ಬ್ಯಾಕ್‌ಸ್ಟ್ರೋಕ್‌ನಿಂದ ಬ್ರೆಸ್ಟ್‌ಸ್ಟ್ರೋಕ್‌ಗೆ ಹೊರಳುವ ಗೋಡೆ ಅತ್ಯಂತ ಅಪಾಯಕಾರಿ. ಅಲ್ಲಿ ಆಗುವುದು ಬ್ಯಾಕ್‌ಸ್ಟ್ರೋಕ್‌ನ ಮುಕ್ತಾಯ, ತಿರುವಲ್ಲ. ಗೋಡೆ ತಾಗುವಾಗ ಬೆನ್ನ ಮೇಲೆಯೇ ಇರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 200 ಮೀಟರ್ ಮೆಡ್ಲೆ ಫೈನಲ್‌ನಲ್ಲಿ ಮೂರನೆಯವರಾಗಿ ಗೋಡೆ ಮುಟ್ಟಿದ್ದ ಅಮೆರಿಕದ ಅಲೆಕ್ಸ್ ವಾಲ್ಷ್ ಇದೇ ಕಾರಣಕ್ಕೆ ಅನರ್ಹರಾಗಿ, ಕಂಚು ಆಸ್ಟ್ರೇಲಿಯಾದ ಕೇಲಿ ಮೆಕ್‌ಕಿಯೋನ್ ಅವರಿಗೆ ಹೋಯಿತು. ಆ ಮಟ್ಟದವರೇ ಅಲ್ಲಿ ಸಿಕ್ಕಿಬೀಳುವಾಗ, ರಾಜ್ಯ ಕೂಟದ ಕಿರಿಯರ ಮೆಡ್ಲೆಯಲ್ಲಿ ಆ ತಿರುವಿನ ಲೇನ್‌ಗಳ ಮುಂದೆ ಅನುಭವಿಗಳನ್ನೇ ನಿಲ್ಲಿಸುವುದು ಲೇಸು.

ಬ್ರೆಸ್ಟ್‌ಸ್ಟ್ರೋಕ್‌ಗೆ ನಿಯಮಗಳು ಹೆಚ್ಚು, ಅನರ್ಹತೆಗಳೂ ಹೆಚ್ಚು. ಒಂದು ತೋಳ್ಬೀಸು, ಒಂದು ಒದೆತ, ಅದೇ ಕ್ರಮದಲ್ಲಿ ಒಂದು ಆವರ್ತ. ಪ್ರತಿ ಆವರ್ತದಲ್ಲೂ ತಲೆಯ ಯಾವುದಾದರೂ ಭಾಗ ನೀರಿನ ಮೇಲೆ ಕಾಣಬೇಕು. ಒದೆಯುವಾಗ ಪಾದಗಳು ಹೊರಕ್ಕೆ ತಿರುಗಿರಬೇಕು. ಕೈಗಳು ಸೊಂಟದ ಗೆರೆ ದಾಟಿ ಹಿಂದಕ್ಕೆ ಹೋಗಬಾರದು. ಆರಂಭ ಮತ್ತು ಪ್ರತಿ ತಿರುವಿನ ನಂತರದ ಮೊದಲ ಬೀಸಿನಲ್ಲಿ ಮಾತ್ರ ತೊಡೆಯವರೆಗೆ ಎಳೆಯಬಹುದು, ಆ ಹಂತದಲ್ಲಿ ಮೊದಲ ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೆ ಮುನ್ನ ಒಂದೇ ಒಂದು ಬಟರ್‌ಫ್ಲೈ ಒದೆತಕ್ಕೆ ಅವಕಾಶವಿದೆ. ಎರಡನೆಯ ಬೀಸಿನಲ್ಲಿ ಕೈಗಳು ಅತಿ ಅಗಲವಾದ ಜಾಗದಿಂದ ಒಳಕ್ಕೆ ತಿರುಗುವ ಮುನ್ನ ತಲೆ ನೀರಿನ ಮೇಲೆ ಬಂದಿರಬೇಕು. ತಿರುವು ಮತ್ತು ಮುಕ್ತಾಯದಲ್ಲಿ ಎರಡೂ ಕೈಗಳು ಏಕಕಾಲಕ್ಕೆ, ಒಂದರ ಮೇಲೊಂದು ಸೇರದೆ ಬಿಡಿಬಿಡಿಯಾಗಿ ತಾಗಬೇಕು, ಬಟರ್‌ಫ್ಲೈಗೂ ಇದೇ. ಒಂದು ಕೈ ಮೇಲೆ, ಇನ್ನೊಂದು ಕೆಳಗೆ ತಾಗಿದರೆ ತಪ್ಪಿಲ್ಲ. ಮಟ್ಟಕ್ಕೂ ಕಾಲಕ್ಕೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ಅನರ್ಹಗೊಂಡ ಮಕ್ಕಳು ಕಡಿಮೆಯಿಲ್ಲ.

ಬಟರ್‌ಫ್ಲೈ ಒದೆತದ ಇತಿಹಾಸ ತೀರ್ಪುಗಾರರು ಅರಿತಿರಬೇಕಾದದ್ದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದ ಜಪಾನಿನ ಕೊಸುಕೆ ಕಿಟಾಜಿಮಾ ನೀರಿನಡಿಯಲ್ಲಿ ಆ ಒದೆತ ಹಾಕಿದರೆಂಬ ಆಕ್ಷೇಪ ಎದ್ದಿತು. ಆಗ ಅದಕ್ಕೆ ಅವಕಾಶವಿರಲಿಲ್ಲ, ಮರುವರ್ಷ ಫಿನಾ ಒಂದಕ್ಕೆ ಅನುಮತಿ ಕೊಟ್ಟಿತು. 2012ರ ಲಂಡನ್‌ನಲ್ಲಿ ಅದೇ ದೂರವನ್ನು ಗೆದ್ದ ದಕ್ಷಿಣ ಆಫ್ರಿಕಾದ ಕ್ಯಾಮರನ್ ವಾನ್ ಡೆರ್ ಬರ್ಗ್ ತಾವು ಒಂದಕ್ಕಿಂತ ಹೆಚ್ಚು ಒದೆತ ಬಳಸಿದ್ದಾಗಿ ಆಮೇಲೆ ತಾವೇ ಹೇಳಿದರು. ಎರಡೂ ಪದಕಗಳು ಉಳಿದವು, ಯಾಕೆಂದರೆ ಕೊಳದ ಅಂಚಿನಲ್ಲಿ ಯಾರೂ ಅದನ್ನು ತಪ್ಪೆಂದು ಬರೆದು ಕೊಟ್ಟಿರಲಿಲ್ಲ. ಈಗ ವಿಶ್ವ ಮಟ್ಟದಲ್ಲಿ ನೀರಿನಡಿಯ ಕ್ಯಾಮೆರಾಗಳ ನೆರವಿದೆ. ನಮ್ಮ ಜಿಲ್ಲಾ ಕೂಟಗಳಲ್ಲಿ ಇರುವುದು ಕಣ್ಣು ಮಾತ್ರ, ಅದೂ ನೀರಿನ ವಕ್ರೀಭವನದ ಮೂಲಕ. ಪಕ್ಕದಿಂದ ನೋಡುವವರಿಗೆ ಒಂದು ಕಾಲು ಮಾತ್ರ ತಿರುಚುವ ಕತ್ತರಿ ಒದೆತ ಸರಿಯಾಗಿ ಕಾಣದು, ತುದಿಯಲ್ಲಿ ಈಜುಗಾರನ ಹಿಂದೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲಿಂದ ಏನು ಕಾಣುತ್ತದೆಂಬುದನ್ನು ಅಭ್ಯಾಸದ ಹೊತ್ತಿನಲ್ಲೇ ಕೊಳದ ಸುತ್ತ ನಡೆದು ತಿಳಿದುಕೊಳ್ಳಿ.

ಸ್ಟ್ರೋಕ್ ಜಡ್ಜ್ ಆಗಿ ನಡೆಯುವಾಗ ಎಲ್ಲ ಲೇನ್‌ಗಳಿಗೂ ಸಮನಾಗಿ ಕಣ್ಣು ಹಾಯಿಸಬೇಕು. ಹಿಂದೆ ಬಿದ್ದ, ಶೈಲಿ ಒರಟಾದ ಈಜುಗಾರನ ಮೇಲೆಯೇ ದೃಷ್ಟಿ ನೆಟ್ಟರೆ, ಮುಂದಿರುವವರಿಗೆ ನೀವು ರಿಯಾಯಿತಿ ಕೊಟ್ಟಂತಾಗುತ್ತದೆ.

ರಿಲೇಯಲ್ಲಿ ಹೊರಡುವವರ ಪಾದಗಳನ್ನು ಮೊದಲು ನೋಡಿ. ಪಾದ ಬ್ಲಾಕ್ ಬಿಟ್ಟ ಕ್ಷಣದಲ್ಲಿ ಕಣ್ಣನ್ನು ಗೋಡೆಗೆ ಇಳಿಸಿ. ಬರುವವರ ಕೈ ಆಗಲೇ ತಾಗಿದ್ದರೆ ಸರಿ, ಇನ್ನೂ ಬರುತ್ತಿದ್ದರೆ ಇಡೀ ತಂಡ ಅನರ್ಹ. ಮೊದಲು ಕೈಯನ್ನು ನೋಡಿ ಆಮೇಲೆ ಪಾದ ನೋಡಲು ಹೋದರೆ ಎರಡೂ ತಪ್ಪಿಹೋಗುತ್ತವೆ.

ಚೀಟಿ ಬರೆಯುವುದು

ತಪ್ಪು ಕಂಡಾಗ ಸ್ಪರ್ಧೆಯ ಸಂಖ್ಯೆ, ಹೀಟ್, ಲೇನ್, ಎಷ್ಟನೆಯ ಉದ್ದ ಅಥವಾ ತಿರುವು, ಕಂಡದ್ದೇನು ಎಂಬುದನ್ನು ಆಗಲೇ ಬರೆದುಕೊಳ್ಳಿ. ‘ತಿರುವು ಸರಿಯಿಲ್ಲ’ ಎಂದು ಬರೆದರೆ ಸಾಲದು; ‘100 ಮೀಟರ್ ತಿರುವಿನಲ್ಲಿ ಬಲಗೈ ತಾಗಿದ ನಂತರ ಎಡಗೈ ತಾಗಿತು’ ಎಂದು ಬರೆಯಬೇಕು. ರೆಫರಿ ಮೂರು ಪ್ರಶ್ನೆ ಕೇಳುತ್ತಾರೆ: ಎಲ್ಲಿ ನಿಂತಿದ್ದಿರಿ, ಏನನ್ನು ಕಂಡಿರಿ, ಅದು ಯಾವ ನಿಯಮಕ್ಕೆ ವಿರುದ್ಧ. ಒಂದಕ್ಕೆ ತಡವರಿಸಿದರೂ ಚೀಟಿ ಹಿಂದಕ್ಕೆ ಬರಬಹುದು. ಅದನ್ನು ಅವಮಾನವೆಂದು ಎಣಿಸಬೇಕಾಗಿಲ್ಲ. ಅನುಮಾನದ ಲಾಭ ಈಜುಗಾರನಿಗೆ ಸಲ್ಲುತ್ತದೆ.

ಚೀಟಿಯ ಒಂದು ಸಾಲಿನ ಬೆಲೆ ಎಷ್ಟೆಂಬುದಕ್ಕೆ ಅಥೆನ್ಸ್‌ನದೇ ಇನ್ನೊಂದು ಪ್ರಸಂಗವಿದೆ. 200 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 1:54.95ರಲ್ಲಿ, ಎರಡು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದ ಅಮೆರಿಕದ ಆರನ್ ಪಿಯರ್ಸೋಲ್ ಅವರನ್ನು ತಿರುವಿನ ದೋಷವೆಂದು ಅನರ್ಹಗೊಳಿಸಲಾಯಿತು. ಸ್ವಲ್ಪ ಹೊತ್ತಿನಲ್ಲೇ ಆ ತೀರ್ಪು ರದ್ದಾಗಿ ಚಿನ್ನ ಅವರಿಗೇ ಮರಳಿತು, ಆಸ್ಟ್ರಿಯಾದ ಮಾರ್ಕುಸ್ ರೋಗನ್ ಎರಡನೆಯ ಸ್ಥಾನಕ್ಕೆ ಸರಿದರು. ಟರ್ನ್ ಜಡ್ಜ್ ಬರೆದ ವಿವರಣೆ ಸಾಕಷ್ಟಿರಲಿಲ್ಲ, ಫಿನಾದ ಕಾರ್ಯಭಾಷೆಯಲ್ಲಿಯೂ ಇರಲಿಲ್ಲ ಎಂಬುದು ಕೊಟ್ಟ ಕಾರಣ. ತಿರುವು ನಿಜಕ್ಕೂ ತಪ್ಪಾಗಿತ್ತೇ ಎಂಬ ಪ್ರಶ್ನೆಗೆ ಆ ಚೀಟಿಯಿಂದ ಉತ್ತರ ಸಿಗಲಿಲ್ಲ. ನಮ್ಮ ಕೂಟಗಳಲ್ಲಿ ಚೀಟಿಯನ್ನು ಇಂಗ್ಲಿಷಿನಲ್ಲಿ ತುಂಬುವ ರೂಢಿಯಿದ್ದರೆ, ಮೇಲಿನಂಥ ಹತ್ತಾರು ವಾಕ್ಯಗಳನ್ನು ಮೊದಲೇ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಜಾಣತನ.

ದೂರು ಬಂದಾಗ

ಚೀಟಿ ಕೊಟ್ಟ ಮೇಲೆ ಮಾತು ರೆಫರಿಯದು. ‘ಏನ್ ಸಾರ್, ನಮ್ಮ ಹುಡುಗೀನೇ ಕಂಡ್ಳಾ ನಿಮ್ಗೆ’ ಎಂದು ಗ್ಯಾಲರಿಯಿಂದ ಇಳಿದು ಬರುವ ತಂದೆಗೂ, ತೋಳು ಹಿಡಿದು ವಾದಿಸುವ ಕೋಚ್‌ಗೂ ‘ದಯವಿಟ್ಟು ರೆಫರಿಯವರನ್ನು ಕೇಳಿ’ ಎಂಬುದೊಂದೇ ಉತ್ತರ. ಅಳುತ್ತಾ ಬಂದ ಮಗುವಿಗೂ ನೀವೇ ವಿವರಣೆ ಕೊಡಲು ಹೋಗಬೇಡಿ. ಕೋಚ್ ಮೂಲಕ ರೆಫರಿ ತಿಳಿಸುವುದೇ ಕ್ರಮ, ಅದರಿಂದ ಮಗುವಿಗೆ ಮುಂದಿನ ಸ್ಪರ್ಧೆಯಲ್ಲಿ ತಿದ್ದಿಕೊಳ್ಳಲು ಏನು ಮಾಡಬೇಕೆಂಬುದೂ ಸರಿಯಾಗಿ ತಿಳಿಯುತ್ತದೆ.

ವಿಧಿವತ್ತಾದ ಪ್ರತಿಭಟನೆಯನ್ನು ತಂಡದ ವ್ಯವಸ್ಥಾಪಕರು ಸ್ಪರ್ಧೆ ಮುಗಿದ 30 ನಿಮಿಷಗಳೊಳಗೆ, ಲಿಖಿತವಾಗಿ, ನಿಗದಿತ ಠೇವಣಿಯೊಂದಿಗೆ ರೆಫರಿಗೆ ಸಲ್ಲಿಸಬೇಕು. ಕಣ್ಣಾರೆ ಕಂಡ ಸಂಗತಿಯ ಬಗೆಗಿನ ತೀರ್ಪನ್ನು ಪ್ರತಿಭಟನೆಯಿಂದ ಪ್ರಶ್ನಿಸಲಾಗದು. ನಿಯಮವನ್ನು ತಪ್ಪಾಗಿ ಅನ್ವಯಿಸಲಾಗಿದೆ ಎಂದಾದರೆ ಪ್ರಶ್ನಿಸಬಹುದು. ಆದ್ದರಿಂದ ರೆಫರಿ ನಿಮ್ಮನ್ನು ಮತ್ತೆ ಕರೆದಾಗ ಚೀಟಿಯಲ್ಲಿ ಬರೆದದ್ದಕ್ಕೆ ಹೊಸದಾಗಿ ಏನನ್ನೂ ಸೇರಿಸಬಾರದು, ಬರೆದದ್ದರಿಂದ ಹಿಂದೆ ಸರಿಯಲೂಬಾರದು. ನಿಮ್ಮ ಟಿಪ್ಪಣಿಯ ಹಾಳೆಯನ್ನು ಪ್ರತಿಭಟನೆಯ ಅವಧಿ ಮುಗಿದು, ಆ ಸ್ಪರ್ಧೆಯ ಫಲಿತಾಂಶಕ್ಕೆ ರೆಫರಿ ಸಹಿ ಹಾಕುವವರೆಗೆ ಜೇಬಿನಲ್ಲೇ ಇಟ್ಟುಕೊಳ್ಳಿ.